ವಿದೇಶದಲ್ಲಿ ಪುಟ್ಟ ಮಕ್ಕಳಿಗೆ ಇಂಟರ್‌ನ್ಯಾಷನಲ್ ಶಾಲೆ: ಫಾರ್ವರ್ಡ್ ನಂಬುವ ಮೊದಲು ಇಷ್ಟು ತಿಳಿದಿರಲಿ

ದುಬೈನಲ್ಲಿ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಬಂದಿದೆ, ವೀಸಾ ಕೆಲಸ ನಡೆಯುತ್ತಿದೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ವಿಷಯ ಗೊತ್ತಾದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಮಳೆ. "ಈಗಿನಿಂದಲೇ ಮಗುವಿನ ಜೊತೆ ಕನ್ನಡ ಮಾತಾಡೋದು ನಿಲ್ಲಿಸಿ, ಇಲ್ಲದಿದ್ದರೆ ಅಲ್ಲಿ ಹಿಂದೆ ಬೀಳುತ್ತೆ." "ಐಬಿ ಶಾಲೆಗೇ ಹಾಕಿ, ಸಿಬಿಎಸ್‌ಇ ಎಲ್ಲ ಹಳೇದಾಯ್ತು." "ಐಬಿಗೆ ಹಾಕಬೇಡಿ, ಊರಿಗೆ ವಾಪಸ್ ಬಂದರೆ ಯಾವ ಶಾಲೆಯೂ ಸೇರಿಸಿಕೊಳ್ಳಲ್ಲ." "ಮಕ್ಕಳಿಗೆ ಏನೂ ಆಗಲ್ಲ, ಮೂರೇ ತಿಂಗಳಲ್ಲಿ ಇಂಗ್ಲಿಷ್ ಪಟಪಟ ಅಂತಾರೆ."

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಆದರೆ ಇವನ್ನು ನಂಬಿ ತೆಗೆದುಕೊಳ್ಳುವ ನಿರ್ಧಾರದ ಪರಿಣಾಮ ಮಾತ್ರ ಪೂರ್ತಿ ನಿಜ. ಹಣ ಹೋಗುತ್ತದೆ, ಮಗುವಿನ ನಿದ್ದೆ ಹೋಗುತ್ತದೆ. ಕೆಲವೊಮ್ಮೆ ಅಜ್ಜಿ-ತಾತನ ಜೊತೆ ಮಾತಾಡುವ ಭಾಷೆಯೇ ಹೋಗಿಬಿಡುತ್ತದೆ.

ಈ ಲೇಖನದಲ್ಲಿ ದುಬೈಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕರಾವಳಿಯಿಂದ, ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಕುಟುಂಬಗಳು ಬಹಳ. ಜೊತೆಗೆ ಅಲ್ಲಿನ ಶಾಲೆಗಳ ಮಾಹಿತಿ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ನೀವು ಸಿಂಗಾಪುರಕ್ಕೋ ಜರ್ಮನಿಗೋ ಹೋಗುವವರಾದರೆ ನಿಯಮಗಳು ಬೇರೆ ಇರುತ್ತವೆ. ಮಕ್ಕಳ ಕಲಿಕೆಯ ವಿಜ್ಞಾನ ಮಾತ್ರ ಎಲ್ಲ ಕಡೆ ಒಂದೇ.

‘ಇಂಟರ್‌ನ್ಯಾಷನಲ್’ ಎಂಬ ಬೋರ್ಡ್ ಏನು ಹೇಳುತ್ತದೆ?

ಹೆಚ್ಚೇನೂ ಹೇಳುವುದಿಲ್ಲ.

ಜಗತ್ತಿನ ಮೊದಲ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಒಂದು ಶುರುವಾಗಿದ್ದು 1924ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ರಾಷ್ಟ್ರಗಳ ಒಕ್ಕೂಟ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕೆಲಸ ಮಾಡಲು ಬೇರೆ ಬೇರೆ ದೇಶಗಳಿಂದ ಬಂದವರ ಮಕ್ಕಳಿಗಾಗಿ ಅದನ್ನು ತೆರೆದರು. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುವ ಮಕ್ಕಳ ಓದು ನಿಲ್ಲಬಾರದು ಎನ್ನುವುದು ಅದರ ಹಿಂದಿನ ಯೋಚನೆ.

ಇಂದು ಆ ಪದವನ್ನು ಬಹುತೇಕ ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಿಕೊಳ್ಳಬಹುದು. ನಮ್ಮ ಊರುಗಳಲ್ಲೇ ನೋಡಿ, ಮೂರು ಕೋಣೆಯ ಪ್ಲೇಸ್ಕೂಲಿಗೂ ‘ಇಂಟರ್‌ನ್ಯಾಷನಲ್’ ಎಂದಿರುತ್ತದೆ. ಹಾಗಾಗಿ ಕೇಳಬೇಕಾದ್ದು ಹೆಸರನ್ನಲ್ಲ, ಪಠ್ಯಕ್ರಮವನ್ನು. ದುಬೈನಲ್ಲಿ ಸಾಮಾನ್ಯವಾಗಿ ಸಿಗುವುದು ಇವು:

- ಭಾರತೀಯ ಪಠ್ಯಕ್ರಮ. ಹೆಚ್ಚಿನವು ಸಿಬಿಎಸ್‌ಇ, ಕೆಲವು ಐಸಿಎಸ್‌ಇ. ಶಾಲಾ ವರ್ಷ ಏಪ್ರಿಲ್‌ನಿಂದ ಮಾರ್ಚ್.
- ಬ್ರಿಟಿಷ್ ಪಠ್ಯಕ್ರಮ. ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಶುರು.
- ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್. ಈ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. 3ರಿಂದ 12 ವರ್ಷದ ಮಕ್ಕಳ ಕಾರ್ಯಕ್ರಮ ಶುರುವಾಗಿದ್ದು 1997ರಲ್ಲಿ.
- ಅಮೆರಿಕನ್ ಪಠ್ಯಕ್ರಮ.

ಯಾವುದೇ ಶಾಲೆ "ನಮ್ಮದು ಐಬಿ" ಎಂದರೆ ಐಬಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಆ ಶಾಲೆಯ ಹೆಸರು ಹುಡುಕಿ. ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಅಲ್ಲಿದೆ. ‘ಕ್ಯಾಂಡಿಡೇಟ್ ಶಾಲೆ’ ಎಂದಿದ್ದರೆ ಇನ್ನೂ ಮಾನ್ಯತೆ ಸಿಕ್ಕಿಲ್ಲ, ಪ್ರಯತ್ನ ನಡೆಯುತ್ತಿದೆ ಎಂದರ್ಥ. ಎರಡು ನಿಮಿಷದ ಕೆಲಸ ಇದು.

ಫಾರ್ವರ್ಡ್ 1: ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಇಂಗ್ಲಿಷ್ ಬೇಗ ಬರುತ್ತದೆ

ಇದು ಸುಳ್ಳು. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎರಡು ಭಾಷೆ ಕೇಳಿ ಬೆಳೆಯುವ ಮಗುವಿಗೆ ತಲೆ ಗೊಂದಲವಾಗುತ್ತದೆ, ಮಾತು ತಡವಾಗುತ್ತದೆ ಎಂಬ ನಂಬಿಕೆ ತುಂಬ ಹಳೆಯದು. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂದು ಮಕ್ಕಳ ಭಾಷೆಯ ಮೇಲೆ ಕೆಲಸ ಮಾಡುವ ತಜ್ಞರು ದಶಕಗಳಿಂದ ಹೇಳುತ್ತಿದ್ದಾರೆ. ಎರಡು ಭಾಷೆಯ ಮಗುವಿಗೆ ಒಂದೊಂದು ಭಾಷೆಯಲ್ಲಿ ಗೊತ್ತಿರುವ ಪದ ಸ್ವಲ್ಪ ಕಡಿಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಒಂದೇ ಭಾಷೆಯ ಮಗುವಿನಷ್ಟೇ ಇರುತ್ತವೆ. "ಅಮ್ಮ, ನಂಗೆ ವಾಟರ್ ಬೇಕು" ಎಂದು ಬೆರೆಸಿ ಮಾತಾಡುವುದು ಕೂಡ ಗೊಂದಲದ ಲಕ್ಷಣ ಅಲ್ಲ. ನಾವು ದೊಡ್ಡವರು ದಿನವಿಡೀ ಮಾಡುವುದೂ ಅದನ್ನೇ.

ಇನ್ನೊಂದು ಮುಖ್ಯ ವಿಷಯ. ಮಗು ಒಂದು ಭಾಷೆಯಲ್ಲಿ ಕಲಿತ ವಿಚಾರ ಇನ್ನೊಂದು ಭಾಷೆಗೂ ಒದಗುತ್ತದೆ. ಕನ್ನಡದಲ್ಲಿ ‘ಮೊದಲು’, ‘ಆಮೇಲೆ’, ‘ಯಾಕೆಂದರೆ’ ಎಂದು ಕಥೆ ಹೇಳಬಲ್ಲ ಮಗುವಿಗೆ ಕಥೆ ಎಂದರೇನು ಎನ್ನುವುದು ಆಗಲೇ ಗೊತ್ತಿದೆ. ಇಂಗ್ಲಿಷಿನಲ್ಲಿ ಕಲಿಯಬೇಕಾದ್ದು ಪದಗಳನ್ನು ಮಾತ್ರ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಒತ್ತಿ ಹೇಳುತ್ತಾ ಬಂದಿರುವುದು ಇದನ್ನೇ: ಮನೆಮಾತು ಗಟ್ಟಿಯಾಗಿದ್ದರೆ ಅದು ಶಾಲೆಯ ಭಾಷೆಗೆ ಬುನಾದಿಯಾಗುತ್ತದೆ.

ಈಗ ಉಲ್ಟಾ ಯೋಚಿಸಿ. ಅಪ್ಪ-ಅಮ್ಮ ತಮಗೆ ಸಹಜವಲ್ಲದ ಇಂಗ್ಲಿಷಿನಲ್ಲಿ ಮಾತಾಡಲು ಹೊರಟರೆ ಏನಾಗುತ್ತದೆ? ಮಾತು ಚಿಕ್ಕದಾಗುತ್ತದೆ. "ಕಮ್", "ಈಟ್", "ಡೋಂಟ್ ಡೂ". ಕಥೆ, ಗಾದೆ, ತಮಾಷೆ, ಸಮಾಧಾನ ಎಲ್ಲ ಕಡಿಮೆಯಾಗುತ್ತವೆ. ಎರಡು ಮೂರು ವರ್ಷ ಕಳೆದ ಮೇಲೆ ಅಜ್ಜಿ ಫೋನಿನಲ್ಲಿ "ಊಟ ಆಯ್ತಾ ಪುಟ್ಟ, ಏನು ತಿಂದೆ?" ಎಂದು ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ. ಶಾಲೆ ಇಂಗ್ಲಿಷ್ ಕಲಿಸಿಯೇ ಕಲಿಸುತ್ತದೆ. ಆದರೆ ಮನೆಮಾತು ಕನ್ನಡವಿರಲಿ, ತುಳು, ಕೊಂಕಣಿ, ಬ್ಯಾರಿ ಇರಲಿ, ಅದನ್ನು ಕಲಿಸುವವರು ವಿದೇಶದಲ್ಲಿ ನೀವು ಮಾತ್ರ.

ಗಮನಿಸಿ: ಒಂದೂವರೆ ವರ್ಷವಾದರೂ ಮಗು ಒಂದೂ ಪದ ಹೇಳದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಅಥವಾ ಮೊದಲು ಹೇಳುತ್ತಿದ್ದ ಪದಗಳನ್ನು ಬಿಟ್ಟುಬಿಟ್ಟರೆ "ಎರಡು ಭಾಷೆ ಅಲ್ವಾ, ಸರಿಹೋಗುತ್ತೆ" ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಫಾರ್ವರ್ಡ್ 2: ಮಕ್ಕಳು ಸ್ಪಂಜಿನ ಹಾಗೆ, ಮೂರು ತಿಂಗಳಲ್ಲಿ ಭಾಷೆ ಹೀರಿಕೊಳ್ಳುತ್ತಾರೆ

ಇದು ಅರ್ಧ ಸತ್ಯ.

ಚಿಕ್ಕ ವಯಸ್ಸಿನಲ್ಲಿ ಹೊಸ ಭಾಷೆ ಕೇಳಲು ಶುರುಮಾಡಿದವರ ಉಚ್ಚಾರಣೆ ಮುಂದೆ ಆ ನಾಡಿನವರ ಹಾಗೆಯೇ ಆಗುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ಆದರೆ ಬೇಗ ಕಲಿಯುತ್ತಾರೆ ಎನ್ನುವುದು ಬೇರೆ ಮಾತು. ನೆದರ್ಲೆಂಡ್ಸಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಮಾತಾಡುವ ಕುಟುಂಬಗಳ ಮೇಲೆ ನಡೆದ, 1978ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಇದೆ. ಅಲ್ಲಿ ಡಚ್ ಭಾಷೆಯನ್ನು ಮೊದಲ ತಿಂಗಳುಗಳಲ್ಲಿ ಅತಿ ವೇಗವಾಗಿ ಕಲಿತವರು 12ರಿಂದ 15 ವರ್ಷದವರು. ನಿಧಾನವಾಗಿ ಕಲಿತವರಲ್ಲಿ 3ರಿಂದ 5 ವರ್ಷದ ಪುಟಾಣಿಗಳೇ ಮುಂದೆ!

ಆದ್ದರಿಂದ ನಿಮ್ಮ ಮಗು ಹೊಸ ಶಾಲೆಯಲ್ಲಿ ಮೊದಲ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಬಾಯಿಯೇ ಬಿಡದಿದ್ದರೆ ಗಾಬರಿ ಬೇಡ. ತಜ್ಞರು ಇದನ್ನು ‘ಮೌನದ ಅವಧಿ’ ಎನ್ನುತ್ತಾರೆ. ಮಗು ಕೇಳಿಸಿಕೊಳ್ಳುತ್ತಿರುತ್ತದೆ, ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ. ಆಟವಾಡಲು, ಜಗಳವಾಡಲು ಬೇಕಾಗುವಷ್ಟು ಇಂಗ್ಲಿಷ್ ಬರಲು ಸುಮಾರು ಎರಡು ವರ್ಷ, ಪಾಠ ಓದಿ ವಿವರಿಸುವಷ್ಟು ಬರಲು ಐದರಿಂದ ಏಳು ವರ್ಷ ಬೇಕಾಗಬಹುದು ಎನ್ನುವುದು ಜಿಮ್ ಕಮಿನ್ಸ್ ಅವರ ಲೆಕ್ಕ. ಈಗಾಗಲೇ ಸ್ವಲ್ಪ ಇಂಗ್ಲಿಷ್ ಕೇಳಿರುವ ನಮ್ಮ ನಗರದ ಮಕ್ಕಳಿಗೆ ಮೊದಲ ಹಂತ ಇನ್ನೂ ಬೇಗ ದಾಟಬಹುದು.

ಶಾಲೆಯನ್ನು ಕೇಳಬೇಕಾದ ಪ್ರಶ್ನೆ ಹುಟ್ಟುವುದೇ ಇಲ್ಲಿ: "ಇಂಗ್ಲಿಷ್ ಬಾರದ ಮಗು ಬಂದರೆ ಮೊದಲ ತಿಂಗಳು ಏನು ಮಾಡುತ್ತೀರಿ?" ಚಿತ್ರದ ಕಾರ್ಡು, ಜೊತೆಗೊಬ್ಬ ಗೆಳೆಯ ಅಥವಾ ಗೆಳತಿ, ಭಾಷೆಗೆಂದೇ ಇರುವ ಸಹಾಯಕ ಶಿಕ್ಷಕಿ ಎಂದು ವಿವರಿಸಿದರೆ ಒಳ್ಳೆಯ ಸೂಚನೆ. "ಚಿಂತೆ ಬೇಡ, ತಾನೇ ಕಲಿಯುತ್ತೆ" ಎಂದಷ್ಟೇ ಹೇಳಿದರೆ ಅವರಲ್ಲಿ ಯೋಜನೆ ಇಲ್ಲ ಎಂದೇ ತಿಳಿಯಿರಿ.

ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಸನ್ನೆಯನ್ನೂ ಮಾಡದೆ, ಯಾರ ಜೊತೆಯೂ ಆಡದೆ ಮುದುಡಿ ಕೂತರೆ ಮಾತ್ರ ಶಿಕ್ಷಕರ ಜೊತೆ ಕೂತು ಮಾತಾಡಿ, ತಜ್ಞರ ಸಲಹೆ ಪಡೆಯಿರಿ.

ಫಾರ್ವರ್ಡ್ 3: ನಾಲ್ಕು ವರ್ಷಕ್ಕೇ ಓದಲು-ಬರೆಯಲು ಕಲಿಸುವ ಶಾಲೆಯೇ ಒಳ್ಳೆಯದು

ಇದಕ್ಕೆ ಆಧಾರವಿಲ್ಲ.

ನ್ಯೂಜಿಲೆಂಡಿನಲ್ಲಿ ಎರಡು ಗುಂಪಿನ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 5 ವರ್ಷಕ್ಕೆ ಓದುವ ಪಾಠ ಶುರು, ಇನ್ನೊಂದಕ್ಕೆ 7 ವರ್ಷಕ್ಕೆ. 11 ವರ್ಷ ತುಂಬುವ ಹೊತ್ತಿಗೆ ಓದಿನ ಮಟ್ಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ 7ನೇ ವಯಸ್ಸಿಗೆ.

ಹಾಗೆಂದು ಓದಿನ ಗಾಳಿಯೇ ಬೇಡ ಎಂದಲ್ಲ. ದಿನಾ ಕಥೆ ಓದಿ ಹೇಳುವುದು, ಹಾಡು, ಪ್ರಾಸ, ಎಣಿಸುವ ಆಟ ಇವೆಲ್ಲ ಓದಿಗೆ ತಯಾರಿಯೇ. ಕೆ.ಜಿ. ಮಗುವಿಗೆ ದಿನಾ ಎರಡು ಪುಟ ಕಾಪಿರೈಟಿಂಗ್ ಕೊಡುವ ಶಾಲೆ ಮುಂದಿದೆ, ಮಣ್ಣಲ್ಲಿ ಆಡಿಸುವ ಶಾಲೆ ಹಿಂದಿದೆ ಎಂದು ಲೆಕ್ಕ ಹಾಕಬೇಡಿ ಅಷ್ಟೆ.

ಚಿಕ್ಕ ತರಗತಿಗಳಲ್ಲಿ ನಿಜಕ್ಕೂ ವ್ಯತ್ಯಾಸ ಮಾಡುವ ಒಂದು ಸಂಗತಿ ಮಕ್ಕಳ ಸಂಖ್ಯೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ 11 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಚೀಟಿ ಎತ್ತಿದ ಹಾಗೆ ಕೆಲವರನ್ನು 13ರಿಂದ 17 ಮಕ್ಕಳ ತರಗತಿಗೆ, ಕೆಲವರನ್ನು 22ರಿಂದ 25 ಮಕ್ಕಳ ತರಗತಿಗೆ ಹಾಕಿದರು. ಕೆ.ಜಿ.ಯಿಂದ 3ನೇ ತರಗತಿಯವರೆಗಿನ ಈ ಪ್ರಯೋಗದಲ್ಲಿ ಸಣ್ಣ ತರಗತಿಯ ಮಕ್ಕಳು ಓದು ಮತ್ತು ಗಣಿತ ಎರಡರಲ್ಲೂ ಮುಂದಿದ್ದರು. ಶಾಲೆಗೆ ಹೋದಾಗ ಈಜುಕೊಳದ ಅಳತೆ ಕೇಳುವ ಮೊದಲು ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂದು ಕೇಳಿ.

ಫಾರ್ವರ್ಡ್ 4: ಫೀಸು ಜಾಸ್ತಿ ಇದ್ದರೆ ಶಾಲೆ ಒಳ್ಳೆಯದು

ಇದನ್ನು ನೀವೇ ಪರೀಕ್ಷಿಸಬಹುದು.

ದುಬೈನಲ್ಲಿ ಖಾಸಗಿ ಶಾಲೆಗಳ ಉಸ್ತುವಾರಿ ನೋಡುವುದು ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆ. ಅದರ ಪರಿಶೀಲನಾ ತಂಡ ಶಾಲೆಗಳಿಗೆ ಆರು ಮಟ್ಟದಲ್ಲಿ ಶ್ರೇಣಿ ಕೊಡುತ್ತದೆ: ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್, ವೆರಿ ವೀಕ್. ವರದಿಗಳು ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅಬುಧಾಬಿಯಲ್ಲಿ ಈ ಕೆಲಸ ಅಡೆಕ್ ಸಂಸ್ಥೆಯದು, ಶಾರ್ಜಾದಲ್ಲಿ ಎಸ್‌ಪಿಇಎಯದು.

ವರದಿ ಓದುವಾಗ ಮೂರು ವಿಷಯ ಗಮನಿಸಿ.

ಒಂದು, ಮೊದಲ ಪುಟದ ಒಟ್ಟು ಶ್ರೇಣಿ ನೋಡಿ ನಿಲ್ಲಬೇಡಿ. ಒಳಗೆ ಕೆ.ಜಿ., ಪ್ರೈಮರಿ, ಹೈಸ್ಕೂಲ್ ಹಂತಗಳಿಗೆ ಬೇರೆ ಬೇರೆ ಅಂಕಣ ಇರುತ್ತದೆ. ಒಟ್ಟಾರೆ ‘ಗುಡ್’ ಇರುವ ಶಾಲೆಯ ಕೆ.ಜಿ. ವಿಭಾಗ ‘ವೆರಿ ಗುಡ್’ ಇರಬಹುದು. ಅದರ ಉಲ್ಟಾ ಕೂಡ ಇರಬಹುದು. ನಿಮ್ಮ ಮಗು ಸೇರುವುದು ಕೆ.ಜಿ.ಗೆ ತಾನೆ?

ಎರಡು, ಶಾಲೆಯ ಮಾಹಿತಿ ಇರುವ ಪುಟದಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶೇಕಡಾ ಎಷ್ಟು ಶಿಕ್ಷಕರು ಕೆಲಸ ಬಿಟ್ಟು ಹೋಗಿದ್ದಾರೆ ಎನ್ನುವ ಅಂಕಿ ಇರುತ್ತದೆ. ಪುಟ್ಟ ಮಗುವಿಗೆ ವರ್ಷದ ನಡುವೆ ಟೀಚರ್ ಬದಲಾದರೆ ಮತ್ತೆ ಮೊದಲಿನಿಂದ ಶುರು. ಈ ಅಂಕಿಯನ್ನು ಬಹಳ ಪೋಷಕರು ನೋಡುವುದೇ ಇಲ್ಲ.

ಮೂರು, ವರದಿ ಯಾವ ವರ್ಷದ್ದು ನೋಡಿ. 2024-25ರಲ್ಲಿ ದುಬೈನ ಹೆಚ್ಚಿನ ಶಾಲೆಗಳಿಗೆ ಪೂರ್ಣ ಪರಿಶೀಲನೆ ನಡೆಯಲಿಲ್ಲ. ಜಾಹೀರಾತಿನಲ್ಲಿರುವ ಶ್ರೇಣಿ ಹಳೆಯದಿರಬಹುದು. ಅಷ್ಟರಲ್ಲಿ ಪ್ರಿನ್ಸಿಪಾಲರೇ ಬದಲಾಗಿರಬಹುದು.

ಶುಲ್ಕದ ಜೊತೆ ಶ್ರೇಣಿ ಇಟ್ಟು ನೋಡಿ. ಸಾಧಾರಣ ಶುಲ್ಕದ ಭಾರತೀಯ ಶಾಲೆಗಳಲ್ಲೂ ‘ವೆರಿ ಗುಡ್’ ಪಡೆದವು ಇವೆ, ದುಬಾರಿ ಶಾಲೆಗಳಲ್ಲೂ ಬರೀ ‘ಗುಡ್’ ಪಡೆದವು ಇವೆ.

ಇಯರ್ 1 ಎಂದರೆ ಒಂದನೇ ತರಗತಿ ಅಲ್ಲ!

ಇಲ್ಲಿ ಎಡವುವವರು ಬಹಳ. ದುಬೈನಲ್ಲಿ ಬ್ರಿಟಿಷ್ ಮತ್ತು ಭಾರತೀಯ ಶಾಲೆಗಳ ತರಗತಿಗಳನ್ನು ಪಕ್ಕಪಕ್ಕ ಇಟ್ಟರೆ ಹೀಗಿರುತ್ತದೆ:

- 3 ವರ್ಷ: ಬ್ರಿಟಿಷ್ ಎಫ್‌ಎಸ್ 1, ಭಾರತೀಯ ಪ್ರೀ ಕೆ.ಜಿ.
- 4 ವರ್ಷ: ಬ್ರಿಟಿಷ್ ಎಫ್‌ಎಸ್ 2, ಭಾರತೀಯ ಕೆ.ಜಿ. 1
- 5 ವರ್ಷ: ಬ್ರಿಟಿಷ್ ಇಯರ್ 1, ಭಾರತೀಯ ಕೆ.ಜಿ. 2
- 6 ವರ್ಷ: ಬ್ರಿಟಿಷ್ ಇಯರ್ 2, ಭಾರತೀಯ ಗ್ರೇಡ್ 1

ಅಂದರೆ "ಅಕ್ಕನ ಮಗ ಐದು ವರ್ಷಕ್ಕೇ ಇಯರ್ 1ನಲ್ಲಿದ್ದಾನೆ, ನಮ್ಮವನು ಇನ್ನೂ ಕೆ.ಜಿ." ಎಂದು ಕೊರಗಬೇಕಿಲ್ಲ. ಇಬ್ಬರೂ ಒಂದೇ ಹಂತದಲ್ಲಿದ್ದಾರೆ.

ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತಾರೆ ಎನ್ನುವುದೂ ಬೇರೆ ಬೇರೆ. ಏಪ್ರಿಲ್‌ನಲ್ಲಿ ಶುರುವಾಗುವ ಶಾಲೆಗಳಿಗೆ ಮಾರ್ಚ್ 31. ಸೆಪ್ಟೆಂಬರ್ ಶಾಲೆಗಳಿಗೆ ಬೇರೆ ದಿನಾಂಕ. ಇಂಥ ನಿಯಮ ಬದಲಾಗುತ್ತಿರುತ್ತದೆ. ಗೆಳೆಯರು ಎರಡು ವರ್ಷದ ಹಿಂದೆ ಹೇಳಿದ್ದನ್ನು ನಂಬದೆ, ನೀವು ಸೇರಿಸುವ ವರ್ಷದ ನಿಯಮವನ್ನು ಕೆಎಚ್‌ಡಿಎ ವೆಬ್‌ಸೈಟಿನಲ್ಲೇ ನೋಡಿ.

ಇನ್ನೊಂದು ಮಾತು. ಯಾವ ಪಠ್ಯಕ್ರಮವೇ ಇರಲಿ, ದುಬೈನ ಖಾಸಗಿ ಶಾಲೆಗಳಲ್ಲಿ 1ರಿಂದ 9ನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ ವಿಷಯ. ಭಾರತೀಯ ಶಾಲೆಯಾದರೆ ಇದರ ಜೊತೆ ಹಿಂದಿಯೋ ಮಲಯಾಳವೋ ಬರಬಹುದು. ಎರಡನೇ ಭಾಷೆಯ ಆಯ್ಕೆ ಏನಿದೆ ಎಂದು ಮೊದಲೇ ಕೇಳಿ.

ಬಸ್ಸಿನ ಸಮಯವನ್ನು ಮೊದಲು ನೋಡಿ

ಪಠ್ಯಕ್ರಮದ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಮಾಡುವ ನಾವು, ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವುದು ಫೀಸು ಕಟ್ಟಿದ ಮೇಲೆ!

3ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಈಗ ಲೆಕ್ಕ ಹಾಕಿ. ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮನೆ, ಹೆಸರು ದೊಡ್ಡದು ಎಂದು ದುಬೈನಲ್ಲಿ ಶಾಲೆ. ಬೆಳಗಿನ ಟ್ರಾಫಿಕ್ ಲೆಕ್ಕ ಹಾಕಿ ಬಸ್ಸು 6.10ಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಮಗು 5.30ಕ್ಕೆ ಏಳಬೇಕು. ಹತ್ತು ಗಂಟೆ ನಿದ್ದೆಯಾಗಬೇಕಾದರೆ ಸಂಜೆ 7.30ಕ್ಕೆ ಮಲಗಿರಬೇಕು. ಅಪ್ಪ ಆಫೀಸಿನಿಂದ ಮನೆ ತಲುಪುವುದೇ ಎಂಟಕ್ಕೆ. ಅಂದರೆ ಒಂದೋ ಮಗುವಿಗೆ ನಿದ್ದೆ ಇಲ್ಲ, ಇಲ್ಲವೋ ವಾರವಿಡೀ ಅಪ್ಪ ಇಲ್ಲ.

ನಿದ್ದೆ ಕಡಿಮೆಯಾದ ಮಗು ದೊಡ್ಡವರ ಹಾಗೆ ತೂಕಡಿಸುವುದು ಕಡಿಮೆ. ಹಟ, ಅಳು, ಚಂಚಲತೆ ಜಾಸ್ತಿಯಾಗುತ್ತದೆ. "ಹೊಸ ಶಾಲೆಗೆ ಹೊಂದಿಕೊಳ್ಳುತ್ತಿಲ್ಲ" ಎಂದು ನಾವು ಅಂದುಕೊಳ್ಳುವುದು ಎಷ್ಟೋ ಸಲ ಬರೀ ನಿದ್ದೆಯ ಕೊರತೆ. ಮನೆಯಿಂದ 20 ನಿಮಿಷದ ಸಾಧಾರಣ ಹೆಸರಿನ ಶಾಲೆ, ಒಂದು ಗಂಟೆ ದೂರದ ದೊಡ್ಡ ಹೆಸರಿನ ಶಾಲೆಗಿಂತ ಪುಟ್ಟ ಮಗುವಿಗೆ ಮೇಲಾಗಬಹುದು.

ಹಣ: "ಕಂಪನಿ ಕೊಡುತ್ತೆ" ಎಂಬ ಮಾತಿನ ಒಳಗೆ ಏನಿದೆ?

ದುಬೈ ಶಾಲೆಗಳ ವಾರ್ಷಿಕ ಶುಲ್ಕ ಕೆಲವು ಸಾವಿರ ದಿರ್ಹಮ್‌ನಿಂದ ಲಕ್ಷ ದಿರ್ಹಮ್ ದಾಟುವವರೆಗೂ ಇದೆ. ಪ್ರತಿ ಶಾಲೆಯ ಅನುಮೋದಿತ ಶುಲ್ಕದ ಪಟ್ಟಿ ಕೆಎಚ್‌ಡಿಎಯಲ್ಲಿ ಸಿಗುತ್ತದೆ. ಶಾಲೆಗಳು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ವೆಚ್ಚದ ಸೂಚ್ಯಂಕ ನೋಡಿ ಮಿತಿ ಹಾಕುತ್ತಾರೆ. 2025-26ಕ್ಕೆ ಆ ಸೂಚ್ಯಂಕ ಶೇ 2.35 ಇತ್ತು. ಆದರೂ ತರಗತಿ ಮೇಲೇರಿದಂತೆ ಶುಲ್ಕದ ಹಂತವೂ ಮೇಲೇರುತ್ತದೆ. ಕೆ.ಜಿ. ಶುಲ್ಕ ನೋಡಿ ನಿರ್ಧರಿಸಬೇಡಿ, ಐದನೇ ತರಗತಿಯ ಶುಲ್ಕವನ್ನೂ ನೋಡಿ.

ಒಂದು ಲೆಕ್ಕ ಮಾಡೋಣ. ಬೋಧನಾ ಶುಲ್ಕ 28,000 ದಿರ್ಹಮ್, ಬಸ್ಸು 5,000, ಯೂನಿಫಾರ್ಮ್-ಪುಸ್ತಕ-ಪ್ರವಾಸ 2,000 ಎಂದಿಟ್ಟುಕೊಳ್ಳಿ. ಒಟ್ಟು 35,000. ಕಂಪನಿ ಒಂದು ಮಗುವಿಗೆ 20,000 ಕೊಟ್ಟರೆ ಉಳಿದ 15,000 ನಿಮ್ಮದು. ಇಬ್ಬರು ಮಕ್ಕಳಾದರೆ 30,000, ಅಂದರೆ ತಿಂಗಳಿಗೆ 2,500 ದಿರ್ಹಮ್ ಸಂಬಳದಿಂದ ಹೋಗುತ್ತದೆ.

ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಎಚ್‌ಆರ್ ಬಳಿ ಇವನ್ನು ಕೇಳಿ: ಭತ್ಯೆ ಪ್ರತಿ ಮಗುವಿಗೋ, ಕುಟುಂಬಕ್ಕೋ? ಯಾವ ವಯಸ್ಸಿನಿಂದ? ಬಸ್ಸಿಗೂ ಸೇರುತ್ತದೆಯೇ? ಕೆಲಸ ನಡುವೆ ಬಿಟ್ಟರೆ ವಾಪಸ್ ಕೇಳುತ್ತಾರೆಯೇ? ಇನ್ನು ಶಾಲೆಯ ವಿಷಯಕ್ಕೆ ಬಂದರೆ, ಅರ್ಜಿ ಶುಲ್ಕಕ್ಕೂ ಸೀಟು ಕಾಯ್ದಿರಿಸುವ ಮೊತ್ತಕ್ಕೂ ಕೆಎಚ್‌ಡಿಎ ಮಿತಿ ಇಟ್ಟಿದೆ. ಹಣ ಕಟ್ಟುವ ಮೊದಲು ಮರುಪಾವತಿಯ ನಿಯಮವನ್ನು ಬರಹದಲ್ಲಿ ಪಡೆಯಿರಿ.

ಹೊರನಾಡಿನಲ್ಲಿ ಕೆಲಸ ಹೋದರೆ ವೀಸಾ, ಮನೆ, ಶಾಲೆ ಮೂರೂ ಒಟ್ಟಿಗೆ ಅಲ್ಲಾಡುತ್ತವೆ. ಆದ್ದರಿಂದ ಭತ್ಯೆ ಇಲ್ಲದಿದ್ದರೂ ಒಂದು ವರ್ಷ ನಡೆಸಬಹುದಾದ ಶಾಲೆಯೇ ನಿಮ್ಮ ಕೈಗೆಟಕುವ ಶಾಲೆ.

ಫಾರ್ವರ್ಡ್ 5: ಐಬಿಯಲ್ಲಿ ಓದಿದರೆ ಭಾರತಕ್ಕೆ ವಾಪಸ್ ಬರಲಾಗದು

ಇದು ಸುಳ್ಳು. ಆದರೆ ಸ್ವಲ್ಪ ತಯಾರಿ ಬೇಕು.

ಐಬಿ ಡಿಪ್ಲೊಮಾ, ಕೇಂಬ್ರಿಜ್‌ನ ಎ-ಲೆವೆಲ್ ಇವುಗಳಿಗೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ಅಂದರೆ ಎಐಯು, ಷರತ್ತುಗಳೊಂದಿಗೆ 12ನೇ ತರಗತಿಯ ಸಮಾನತೆ ಕೊಡುತ್ತದೆ. ಅದು ದೊಡ್ಡ ಮಕ್ಕಳ ವಿಷಯ. ನಾಲ್ಕೈದು ವರ್ಷದ ಮಗುವಿಗೆ ಯಾವ ಬೋರ್ಡಿನಿಂದ ಯಾವ ಬೋರ್ಡಿಗೆ ಬದಲಾಯಿಸಿದರೂ ಪಾಠದ ಅಂತರ ಕೆಲವು ತಿಂಗಳಲ್ಲಿ ತುಂಬುವಂಥದ್ದು.

ಕರ್ನಾಟಕಕ್ಕೆ ಮರಳುವವರು ಬೇರೆ ಮೂರು ವಿಷಯ ನೋಡಿಕೊಳ್ಳಬೇಕು.

ಮೊದಲನೆಯದು ಶಾಲಾ ವರ್ಷ. ಸೆಪ್ಟೆಂಬರ್ ಶಾಲೆಯ ಮಗುವನ್ನು ಮಾರ್ಚಿನಲ್ಲಿ ಕರೆತಂದರೆ ಅದು ಅಲ್ಲಿನ ವರ್ಷದ ನಡುಭಾಗ. ಒಂದೆರಡು ವರ್ಷದಲ್ಲಿ ವಾಪಸಾಗುವುದು ಖಚಿತ ಇದ್ದರೆ ಏಪ್ರಿಲ್ ಲೆಕ್ಕದ ಭಾರತೀಯ ಶಾಲೆ ಅನುಕೂಲ. ಯುಎಇಯಲ್ಲಿ 100ಕ್ಕೂ ಹೆಚ್ಚು ಸಿಬಿಎಸ್‌ಇ ಶಾಲೆಗಳಿವೆ, ಆಯ್ಕೆಗೆ ಕೊರತೆ ಇಲ್ಲ. ಅಲ್ಲಿಂದ ಯುರೋಪಿಗೋ ಆಸ್ಟ್ರೇಲಿಯಾಕ್ಕೋ ಹೋಗುವ ಯೋಚನೆ ಇದ್ದರೆ ಬ್ರಿಟಿಷ್ ಅಥವಾ ಐಬಿ ಹೆಚ್ಚು ಹೊಂದಬಹುದು.

ಎರಡನೆಯದು ವಯಸ್ಸು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮವಿದೆ. 2025-26ರಲ್ಲಿ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ನೀವು ಮರಳುವ ವರ್ಷದ ಆದೇಶ ನೋಡಿಕೊಳ್ಳಿ.

ಮೂರನೆಯದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು ಎನ್ನುತ್ತದೆ. ಮಾತಾಡಲೇ ಬಾರದ ಮಗುವಿಗೆ ಮೂರನೇ ತರಗತಿಯಲ್ಲಿ ಒಮ್ಮೆಲೇ ಒತ್ತಕ್ಷರ ಎಂದರೆ ಕಷ್ಟವೇ. ಮನೆಯಲ್ಲಿ ಮಾತು ಉಳಿದಿದ್ದರೆ ಅಕ್ಷರ ಕಲಿಯುವುದು ಸಲೀಸು. ದುಬೈನಲ್ಲಿ ಕನ್ನಡ ಮಿತ್ರರು ಸಂಘದ ಕನ್ನಡ ಪಾಠಶಾಲೆ ಇದೆ. ಅಂಥದ್ದು ನೀವಿರುವ ಊರಿನಲ್ಲೂ ಇದೆಯೇ ಎಂದು ವಿಚಾರಿಸಿ.

ಶಾಲೆ ನೋಡಲು ಹೋದಾಗ

ಸಾಧ್ಯವಾದರೆ ಕೆಲಸದ ದಿನ, ತರಗತಿ ನಡೆಯುವಾಗಲೇ ಹೋಗಿ. ಇಷ್ಟನ್ನು ನೋಡಿ, ಕೇಳಿ:

- ಟೀಚರ್ ಮಗುವಿನ ಜೊತೆ ಮಾತಾಡುವಾಗ ಬಗ್ಗಿ, ಮುಖ ನೋಡಿ ಮಾತಾಡುತ್ತಾರೆಯೇ? ಅಥವಾ ದೂರದಿಂದ ಕೂಗಿ ಹೇಳುತ್ತಾರೆಯೇ?
- ಅಳುವ ಮಗುವನ್ನು ಯಾರು, ಹೇಗೆ ಸಮಾಧಾನ ಮಾಡುತ್ತಾರೆ?
- ಗೋಡೆಯ ಮೇಲಿನ ಚಿತ್ರಗಳು ಮಕ್ಕಳು ಬಿಡಿಸಿದವೋ, ಅಂಗಡಿಯಿಂದ ತಂದವೋ?
- ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಆಡುತ್ತಾರೆ? ಹೊರಗೆ ಬಿಸಿಲು ಜೋರಿರುವ ತಿಂಗಳುಗಳಲ್ಲಿ ಆಟ ಎಲ್ಲಿ?
- ಮೊದಲ ವಾರ ಅಪ್ಪ ಅಥವಾ ಅಮ್ಮ ಸ್ವಲ್ಪ ಹೊತ್ತು ಇರಬಹುದೇ?
- ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಅವರು ನಿಮ್ಮನ್ನು ಕೇಳುತ್ತಾರೆಯೇ?

ಕೊನೆಯದು ಚಿಕ್ಕ ಪ್ರಶ್ನೆ ಅನಿಸಬಹುದು. ಅದನ್ನು ಕೇಳುವ ಶಾಲೆ ನಿಮ್ಮ ಮಗು ಎಲ್ಲಿಂದ ಬಂದಿದೆ ಎಂದು ತಿಳಿಯಲು ಬಯಸುತ್ತಿದೆ ಎಂದರ್ಥ. "ಮನೆಯಲ್ಲೂ ಇಂಗ್ಲಿಷೇ ಮಾತಾಡಿ" ಎಂದು ಸಲಹೆ ಕೊಟ್ಟರೆ, ನಯವಾಗಿ ತಲೆಯಾಡಿಸಿ ಮನೆಗೆ ಬಂದು ಕನ್ನಡದಲ್ಲೇ ಕಥೆ ಹೇಳಿ.

ಎರಡು ನಾಡಿನ ನಡುವಿನ ಮಕ್ಕಳು

ಅಪ್ಪ-ಅಮ್ಮನ ಊರೊಂದು, ಬೆಳೆಯುವ ಊರು ಇನ್ನೊಂದು ಆದ ಮಕ್ಕಳಿಗೆ ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂಬ ಹೆಸರಿದೆ. ಈ ಹೆಸರು ಕೊಟ್ಟಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್. 1950ರ ದಶಕದಲ್ಲಿ ಅವರು ಅಧ್ಯಯನಕ್ಕೆಂದು ಬಂದಿದ್ದು ನಮ್ಮ ಭಾರತಕ್ಕೇ, ಇಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ನೋಡಲು. ಇಂಥ ಮಕ್ಕಳು ಹೊಸಬರೊಂದಿಗೆ ಬೇಗ ಬೆರೆಯುತ್ತಾರೆ, ಹಲವು ಭಾಷೆ ಕಲಿಯುತ್ತಾರೆ. ಆದರೆ "ನಿನ್ನ ಊರು ಯಾವುದು?" ಎಂದರೆ ತಡವರಿಸುತ್ತಾರೆ. ಗೆಳೆಯರನ್ನು ಪದೇ ಪದೇ ಬಿಟ್ಟು ಬರುವ ದುಃಖ ಅವರೊಳಗೆ ಉಳಿಯುತ್ತದೆ.

ಶಾಲೆ ಮತ್ತೆ ಬದಲಾಗಬಹುದು, ಮನೆ ಬದಲಾಗಬಹುದು, ದೇಶವೂ ಬದಲಾಗಬಹುದು. ಬದಲಾಗದೆ ಜೊತೆಗೆ ಬರುವುದು ಮನೆಯವರು ಮತ್ತು ಮನೆಮಾತು. ಆದ್ದರಿಂದ ಈ ವಯಸ್ಸಿನ ಮಗುವಿಗೆ ಶಾಲೆ ಹುಡುಕುವಾಗ ಬೋರ್ಡಿನ ಹೆಸರಿಗಿಂತ ಮೊದಲು ನಾಲ್ಕು ವಿಷಯ ನೋಡಿ: ಪ್ರೀತಿಯಿಂದ ಮಾತಾಡುವ ಟೀಚರ್, ಪೂರ್ತಿ ನಿದ್ದೆಗೆ ಅವಕಾಶ ಕೊಡುವ ದೂರ, ಭತ್ಯೆ ನಿಂತರೂ ನಿಭಾಯಿಸಬಹುದಾದ ಶುಲ್ಕ, ಮನೆಮಾತಿಗೆ ಗೌರವ. ಈ ನಾಲ್ಕೂ ಇರುವ ಶಾಲೆ ಸಿಬಿಎಸ್‌ಇ ಆದರೂ ಸರಿ, ಬ್ರಿಟಿಷ್ ಆದರೂ ಸರಿ, ಐಬಿ ಆದರೂ ಸರಿ.

ಇನ್ನು ಮುಂದೆ "ಕನ್ನಡ ನಿಲ್ಲಿಸಿ" ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಹೊರಡುವ ತಯಾರಿಯಲ್ಲಿರುವ ನೆಂಟರಿಗೋ ಗೆಳೆಯರಿಗೋ ಅದರ ಬದಲು ಈ ಲೇಖನ ಕಳಿಸಿ.